ಏಳನೆಯ ಬಗೆ

ಡಿಸೆಂಬರ್ ಒಂದನೆಯ ತಾರೀಖು ಬೆಳಿಗ್ಗೆ ಬಾರ್ಬ್ರೋ ಎರಡು ಸಲ ಕಾಫಿ ಕುದಿಸಿದಳು, ಎರಡು ಸಲವೂ ಕುಡಿಯಲು ಮರೆತಳು. ಗಂಡ ಎಂಬ್ರಿಕ್ ತನ್ನ ಪಾಲಿನದನ್ನೂ ಅವಳ ಪಾಲಿನದನ್ನೂ ಮುಗಿಸಿ, ಬಾಯಿ ಒರೆಸಿಕೊಂಡು ಹೆಂಡತಿಯ ಕಡೆ ನೋಡಿದ. ಅವಳು ಕಿಟಕಿಯಿಂದ ಕೆಳಗೆ, ಇಳಿಜಾರು ಮುಗಿದು ದೊಡ್ಡ ರಸ್ತೆ ಸಿಗುವಲ್ಲಿರುವ ಹಾಲುಕಟ್ಟೆಯ ದಿಕ್ಕಿಗೇ ಕಣ್ಣು ನೆಟ್ಟಿದ್ದಳು. ಕತ್ತಲು ಇನ್ನೂ ಹರಿದಿರಲಿಲ್ಲ. ಕಟ್ಟೆಯೇ ಕಾಣುತ್ತಿರಲಿಲ್ಲ, ಅದರ ಮೇಲೆ ಏನಾದರೂ ಇದೆಯೋ ಇಲ್ಲವೋ ಎಂಬುದು ದೂರದ ಮಾತು.

"ಹೋಗಿ ನೋಡ್ಬಾರ್ದಾ?" ಎಂದ ಎಂಬ್ರಿಕ್.

"ಬೆಳಕಾಗ್ಲಿ."

"ಬೆಳಕಾದ್ರೆ ಇಲ್ದೇ ಇರೋದು ಬಂದ್ಬಿಡುತ್ತಾ?"

ಅವಳು ಕಿಟಕಿಯ ಗಾಜಿನ ಮಂಜು ಒರೆಸಿದಳು. ಅವನು ಉತ್ತರಕ್ಕೆ ಕಾಯಲಿಲ್ಲ. ನಮ್ಮ ಹಾಲಿಂಗ್ ಕಣಿವೆಯ ಜನರೇ ಹಾಗೆ, ಒಂದು ಮಾತು ಆಡಿದರೆ ಮಧ್ಯಾಹ್ನದವರೆಗೆ ಸಾಕು ಎನ್ನುವವರು.

ಆ ಕಟ್ಟೆಗೆ ಈಗ ಹಾಲಿನ ಕೆಲಸವಿಲ್ಲ. ಹಾಲಿನ ಲಾರಿ ನೇರವಾಗಿ ಕೊಟ್ಟಿಗೆಯ ಬಾಗಿಲಿಗೇ ಬಂದು ಹೀರಿಕೊಂಡು ಹೋಗುವುದು ಶುರುವಾದ ಮೇಲೆ ಕ್ಯಾನುಗಳು ಹೋದವು, ಕ್ಯಾನು ಇಳಿಸುವ ನೆಪದಲ್ಲಿ ನಡೆಯುತ್ತಿದ್ದ ಹರಟೆಯೂ ಹೋಯಿತು. ಶಾಲೆಯ ಬಸ್ಸಿಗೆ ಕಾಯುವ ಮಕ್ಕಳು ಅದರ ಮೇಲೆ ಕೂತು ಕಾಲಾಡಿಸುತ್ತಾರೆ. ಅದು ಬಿಟ್ಟರೆ ವರ್ಷಕ್ಕೆ ಎರಡು ಸಲ, ಡಿಸೆಂಬರ್ ಒಂದಕ್ಕೊಮ್ಮೆ ಹತ್ತಕ್ಕೊಮ್ಮೆ, ಅಲ್ಲೊಂದು ಹಿಟ್ಟಿನ ಚೀಲ ಕೂರುತ್ತದೆ. ಚೀಲದೊಳಗೆ ಕ್ರುಮ್‌ಕಾಕೆ ಎಂಬ ತೆಳು ಗರಿಗರಿ ಕ್ರಿಸ್ಮಸ್ ತಿಂಡಿ ಬೇಯಿಸುವ, ಎರಡು ಹಿಡಿಯ ಕಬ್ಬಿಣದ ಅಚ್ಚು, ಬಿಸಿಯಿರುವಾಗಲೇ ಆ ತಿಂಡಿಯನ್ನು ಸುರುಳಿ ಸುತ್ತುವ ಮರದ ಗೂಟ. ಒಂದನೆಯ ತಾರೀಖು ಎದುರು ಇಳಿಜಾರಿನ ಮಾರ್ಗಿಟ್ ತಂದಿಡುತ್ತಾಳೆ, ಬಾರ್ಬ್ರೋ ಒಯ್ಯುತ್ತಾಳೆ. ಹತ್ತನೆಯ ತಾರೀಖು ಬಾರ್ಬ್ರೋ ತಂದಿಡುತ್ತಾಳೆ, ಮಾರ್ಗಿಟ್ ಒಯ್ದು ಮುಂದಿನ ವರ್ಷದವರೆಗೆ ಇಟ್ಟುಕೊಳ್ಳುತ್ತಾಳೆ. ಇಬ್ಬರೂ ಒಂದೇ ತಾಯಿಯ ಮಕ್ಕಳು, ಬಾರ್ಬ್ರೋ ಐದು ವರ್ಷಕ್ಕೆ ದೊಡ್ಡವಳು. ಎಂಟು ವರ್ಷದಿಂದ ಅಕ್ಕತಂಗಿಯರ ನಡುವಿನ ಹೋಗಿಬರುವಿಕೆ ಇಷ್ಟೇ.

ಈ ವರ್ಷ ಆ ಚೀಲ ಬರುತ್ತದೋ ಇಲ್ಲವೋ ಎಂಬುದು ಬಾರ್ಬ್ರೋಳ ಸಂಕಟ. ಅಕ್ಟೋಬರಿನಲ್ಲಿ ಮಾರ್ಗಿಟ್‌ಳ ಗಂಡ ಸಿವರ್ ತೀರಿಕೊಂಡಿದ್ದ. ಸಾವಿನ ಮನೆಯವರು ಆ ವರ್ಷ ಕ್ರಿಸ್ಮಸ್ಸಿನ ತಿಂಡಿ ಮಾಡದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಅಚ್ಚು ಕಳಿಸಲು ಮರೆತರೂ ತಪ್ಪಲ್ಲ. ಆದರೆ ಒಂದು ಸಲ ತಪ್ಪಿದ್ದು ಮತ್ತೆ ಕೂಡುವುದುಂಟೆ? ಅಚ್ಚು ಹೋದರೆ ಹೋಗಲಿ, ಪೇಟೆಯ ಅಂಗಡಿಯಲ್ಲಿ ಬೇರೆ ಸಿಗುತ್ತದೆ. ತಂಗಿ ಯಾವ ಅಂಗಡಿಯಲ್ಲಿ ಸಿಗುತ್ತಾಳೆ?

ಜಗಳ ಹುಟ್ಟಿದ್ದು ಬಾರ್ಬ್ರೋಳ ನಾಲಗೆಯಿಂದ. ಓಸ್ಲೋದಿಂದ ರಾಜನೇ ಬಂದು ಕೇಳಿದರೂ ಸುಟ್ಟದ್ದನ್ನು ಸುಟ್ಟದ್ದೆಂದೇ ಹೇಳುವವಳು ಅವಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ; ಹಾಗೆ ಒದೆಸಿಕೊಂಡೇ ಅರವತ್ತು ವರ್ಷ ದಾಟಿದ್ದಳು, ಬುದ್ಧಿ ಮಾತ್ರ ಕಲಿತಿರಲಿಲ್ಲ. ತಾಯಿ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿದ್ದಾಗ, ಒಂದು ಭಾನುವಾರ ಇಬ್ಬರು ಮಕ್ಕಳೂ ಪಕ್ಕದಲ್ಲಿ ಕೂತಿದ್ದಾಗ, "ಕ್ರಿಸ್ಮಸ್ಸಿಗೆ ಮನೆಗೆ ಹೋಗ್ತೀನಲ್ವಾ?" ಎಂದು ಕೇಳಿದಳು. ಬಾರ್ಬ್ರೋ, "ಇಲ್ಲಮ್ಮ, ನೀನಿನ್ನು ಮನೆಗೆ ಹೋಗಲ್ಲ," ಎಂದಳು. ಮುದುಕಿ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಆಮೇಲೆ ಮೂರು ವಾರ ಬದುಕಿದ್ದಳು, ಏನನ್ನೂ ಕೇಳಲಿಲ್ಲ.

ಮಣ್ಣು ಮಾಡಿ ಬಂದ ದಿನ ಮಾರ್ಗಿಟ್ ಅಡುಗೆಮನೆಯಲ್ಲಿ ನಿಂತು, "ಒಂದೇ ಒಂದು ಸುಳ್ಳು ಹೇಳಿದ್ರೆ ನಿನ್ನ ಬಾಯಿ ಸವೆದು ಹೋಗ್ತಿತ್ತಾ?" ಎಂದು ಕೇಳಿದಳು. ಬಾರ್ಬ್ರೋ, ನಾನು ಹೇಳಿದ್ದು ನಿಜವಲ್ಲವೇ ಎಂದು ತಿರುಗಿ ಕೇಳಿದಳು. ಅದೇ ಕೊನೆ.

ತಾಯಿಯ ಸಾಮಾನುಗಳನ್ನು ಪಾಲು ಮಾಡಿಕೊಳ್ಳುವಾಗ ಅಚ್ಚು ಮಾತ್ರ ಉಳಿಯಿತು, ಅದನ್ನು ಎರಡು ತುಂಡು ಮಾಡಲಾಗದಲ್ಲ. ಎಂಬ್ರಿಕ್ ಮತ್ತು ಸಿವರ್, ಷಡ್ಡಕರಿಬ್ಬರೂ ಹಾಲುಕಟ್ಟೆಯ ಮೇಲೆ ಕೂತು ಒಂದು ಗಂಟೆಯಲ್ಲಿ ನಾಲ್ಕು ಮಾತಾಡಿ ಈ ತಾರೀಖುಗಳನ್ನು ಗೊತ್ತುಮಾಡಿದರು. ಹೆಂಗಸರು ಮರುಮಾತಿಲ್ಲದೆ ಒಪ್ಪಿಕೊಂಡರು. ಯಾಕೆ ಒಪ್ಪಿದರು ಎಂಬುದನ್ನು ಆ ಗಂಡಸರು ಊಹಿಸಿದ್ದರೋ ಏನೋ, ಬಾಯಿ ಬಿಟ್ಟವರಲ್ಲ.

ಕಷ್ಟವೆಂದರೆ ಆ ಕೆಲಸಕ್ಕೆ ಇಬ್ಬರು ಬೇಕು. ಒಲೆಯ ಮೇಲಿನ ಕಬ್ಬಿಣದ ಬಳೆ ತೆಗೆದು ಅಚ್ಚಿಟ್ಟು, ಒಂದು ಚಮಚ ಹಿಟ್ಟು ಹಾಕಿ ಒತ್ತಿ, ಮಗುಚಿ, ವಾಸನೆ ಹಿಡಿದೇ ಹೊತ್ತು ತಿಳಿದು ತೆಗೆಯುವವರೊಬ್ಬರು. ತೆಗೆದ ತಕ್ಷಣ, ಇನ್ನೂ ಬಟ್ಟೆಯಂತೆ ಮೆತ್ತಗಿರುವಾಗ, ಗೂಟಕ್ಕೆ ಸುತ್ತಿ ಗಟ್ಟಿಯಾಗುವ ತನಕ ಹಿಡಿಯುವವರೊಬ್ಬರು. ಸುತ್ತುವವರಿಗೆ ಬೆರಳು ಸುಡುತ್ತದೆ, ತಡಮಾಡಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಚಿಕ್ಕಂದಿನಿಂದ ಒಲೆಯ ಮುಂದೆ ಬಾರ್ಬ್ರೋ, ಮೇಜಿನ ಮುಂದೆ ಮಾರ್ಗಿಟ್. ಬೇರೆಯಾದ ಮೇಲೆ ಇಬ್ಬರೂ ಎರಡೂ ಕೆಲಸ ಮಾಡಲು ಹೋದರು. ಬಾರ್ಬ್ರೋಳದ್ದು ಹೊಂಬಣ್ಣಕ್ಕೆ ಬೆಂದು ಸೊಟ್ಟಸೊಟ್ಟ, ಮಾರ್ಗಿಟ್‌ಳದ್ದು ತುತ್ತೂರಿಯ ಹಾಗೆ ಸುಂದರವಾಗಿ ಸುತ್ತಿದ್ದು, ಆದರೆ ಅಂಚು ಕಪ್ಪು. ಅಕ್ಕನ ಮನೆಯಲ್ಲಿ ಕಣ್ಣು ಮುಚ್ಚಿ ತಿನ್ನು, ತಂಗಿಯ ಮನೆಯಲ್ಲಿ ತಿನ್ನದೆ ನೋಡು ಎಂದು ಊರವರು ನಗುತ್ತಿದ್ದರು.

ಬೆಳಕಾಯಿತು. ಬಾರ್ಬ್ರೋ ಬೂಟು ಹಾಕಿಕೊಂಡು ಇಳಿದಳು. ಚೀಲ ಅಲ್ಲೇ ಇತ್ತು, ಮೇಲೆ ಬೆರಳಗಲ ಹಿಮ ಕೂತಿತ್ತು. ಅವಳು ಬರಿಗೈಯಿಂದಲೇ ಹಿಮ ಸವರಿ ಚೀಲವನ್ನು ಎದೆಗೆ ಅವುಚಿಕೊಂಡಳು. ಅಷ್ಟು ಸಂತೋಷವಾಗಿತ್ತು.

ಆ ಸಂತೋಷ ಅಡುಗೆಮನೆಯ ಮೇಜಿನ ತನಕ ಮಾತ್ರ ಬಾಳಿತು. ಚೀಲ ಬಿಚ್ಚಿದರೆ ಗೂಟ ಇರಲಿಲ್ಲ. ಪ್ರತಿ ವರ್ಷ ಒರೆಸಿ, ಬೆಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಬರುತ್ತಿದ್ದ ಅಚ್ಚು ಈ ಸಲ ಹಾಗೇ ಬಂದಿತ್ತು, ಹಿಡಿಗಳೆರಡನ್ನೂ ಸೇರಿಸಿ ಕಪ್ಪು ಉಣ್ಣೆಯ ದಾರದಿಂದ ಬಿಗಿಯಾಗಿ ಕಟ್ಟಲಾಗಿತ್ತು, ಮೂರು ಗಂಟು. ಬಾರ್ಬ್ರೋ ಕತ್ತರಿಯಿಂದ ದಾರ ಕತ್ತರಿಸಿ ಅಚ್ಚು ತೆರೆದಳು. ಒಳಗೆ ಒಂದು ಕ್ರುಮ್‌ಕಾಕೆ ಅಂಟಿಕೊಂಡಿತ್ತು. ಇದ್ದಿಲಿನಂತೆ ಕಪ್ಪು, ಅಂಚಿನಿಂದ ನಡುವಿನ ತನಕ.

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ಅಂದುಕೊಂಡಳು.

ಕ್ರಿಸ್ಮಸ್ಸಿಗೆ ಏಳು ಬಗೆಯ ತಿಂಡಿ ಎಂಬುದು ಎಲ್ಲ ಮನೆಗಳ ಪದ್ಧತಿ. ಅವರ ತಾಯಿಯ ಮನೆಯಲ್ಲಿ ಮದುವೆಗೂ ಏಳು, ಸಾವಿಗೂ ಏಳು, ಒಂದು ಕಡಿಮೆಯಾದರೆ ಮನೆಯ ಮಾನ ಹೋದ ಹಾಗೆ. ಸಿವರ್‌ನನ್ನು ಮಣ್ಣು ಮಾಡಿದ ದಿನ ಬಾರ್ಬ್ರೋ ಎಣ್ಣೆಯಲ್ಲಿ ಕರಿದ ಬಳೆಯಾಕಾರದ ತಿಂಡಿಯ ಬುಟ್ಟಿ ತಂದು ಹಿಂಬಾಗಿಲಲ್ಲಿ ಕೊಟ್ಟು, ಕೊನೆಯ ಬೆಂಚಿನಲ್ಲಿ ಕೂತು, ಎಲ್ಲರಂತೆ ತಂಗಿಯ ಕೈ ಕುಲುಕಿ ಸರಿದಿದ್ದಳು. ಮೇಜಿನ ಮೇಲೆ ಆರೇ ಬಗೆ ಇದ್ದವು. ಕ್ರುಮ್‌ಕಾಕೆ ಇರಲಿಲ್ಲ. ಆ ಕಪ್ಪು ಬಟ್ಟೆಯೊಳಗೆ ಮಾರ್ಗಿಟ್‌ಳ ಹೆಗಲು ಎಷ್ಟು ಸಣ್ಣಗಾಗಿತ್ತೆಂದರೆ, ನೋಡಿದ ಬಾರ್ಬ್ರೋಗೆ ಓಡಿಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಆಗ ಏನಾದರೂ ಒಂದು ಮಾತಾಡಲೇಬೇಕಾಗಿ ಬಂದು, ಪಕ್ಕದಲ್ಲಿದ್ದ ನೆರೆಯ ಹೆಂಗಸಿಗೆ, "ಆರೇ ಇವೆ. ನಮ್ಮಮ್ಮನ ಮನೇಲಿ ಸಾವಿಗೂ ಏಳಿರ್ತಿತ್ತು," ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಕ್ಷಣದಿಂದಲೂ ಅದು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಆ ಮಾತು ತಂಗಿಯ ಕಿವಿಗೆ ಬಿದ್ದು ಈಗ ಉತ್ತರ ಬಂದಿದೆ. ಇಗೋ ನಿನ್ನ ಏಳನೆಯದು. ದಾರಿಯಲ್ಲಿ ಬಿದ್ದುಹೋಗದಿರಲೆಂದು ದಾರ ಬೇರೆ ಕಟ್ಟಿ ಕಳಿಸಿದ್ದಾಳೆ.

"ನೋಡಿಲ್ಲಿ, ನಮ್ಮ ಮಾರ್ಗಿಟ್ ಉಡುಗೊರೆ ಕಳಿಸಿದಾಳೆ," ಎಂದು ಗಂಡನ ಮುಂದೆ ಅಚ್ಚು ಹಿಡಿದಳು.

ಎಂಬ್ರಿಕ್ ಬಗ್ಗಿ ನೋಡಿದ. "ಮರೆತಿರ್ಬೇಕು."

"ಮಾರ್ಗಿಟ್ ಮರೆಯೋಳಾ? ಮೂರು ಗಂಟು ಹಾಕೋಕೆ ನೆನಪಿತ್ತು, ಒರೆಸೋಕೆ ಮರೆತ್ಲಾ?"

ಸೋಪು ಸೋಕಿಸುವಂತಿಲ್ಲ, ಸೋಕಿಸಿದರೆ ಅರವತ್ತು ವರ್ಷದ ಬೆಣ್ಣೆಯ ಹದ ಹೋಗಿ ಮುಟ್ಟಿದ್ದೆಲ್ಲ ಅಂಟುತ್ತದೆ. ಅಚ್ಚನ್ನು ಒಲೆಯ ಮೇಲೆ ಬಿಸಿಮಾಡಿ, ಉಪ್ಪು ಉಜ್ಜಿ, ಬಳ್ಳಿ ಹೂವಿನ ಕೆತ್ತನೆಯ ಸಂದುಸಂದಿಗೂ ಹೆಣಿಗೆಯ ಕಡ್ಡಿ ತೂರಿಸಿ ಮಧ್ಯಾಹ್ನದವರೆಗೆ ಕೆರೆದಳು. ಕೆರೆಯುತ್ತ ಬೈದಳು. ಸತ್ತ ತಾಯಿಯನ್ನು ಬಿಟ್ಟು ಎಲ್ಲರನ್ನೂ ಬೈದಳು. ಚೂರುಗಳನ್ನೆಲ್ಲ ಗೋರಿ ಒಲೆಯ ಬಾಯಿಗೆ ಎಸೆದು, "ಹೋಗು, ನಿನ್ನ ಏಳನೆಯದು ಬೆಂಕಿಗೆ," ಎಂದಳು. ಎಂಬ್ರಿಕ್ ಮೆಲ್ಲಗೆ ಎದ್ದು ಕೊಟ್ಟಿಗೆಗೆ ಹೋದ, ಅಲ್ಲಿ ಹಸುಗಳು ಶಾಂತವಾಗಿದ್ದವು.

ಮರುದಿನ ಹಿಟ್ಟು ಕಲಸಿದಳು. ಮೊಟ್ಟೆಯಷ್ಟೇ ತೂಕದ ಸಕ್ಕರೆ, ಅಷ್ಟೇ ಬೆಣ್ಣೆ, ಅಷ್ಟೇ ಹಿಟ್ಟು, ಕುಟ್ಟಿದ ಏಲಕ್ಕಿ. ಗೂಟವಿಲ್ಲದೆ ಮರದ ಸೌಟಿನ ಹಿಡಿಗೆ ಸುತ್ತಬೇಕಾಯಿತು. ಹಿಂದೆ ಸೊಟ್ಟಗೆ ಬರುತ್ತಿದ್ದವು, ಈ ಸಲ ತುಂಡುತುಂಡಾಗಿ ಬಂದವು. ಅಡುಗೆಮನೆಯಲ್ಲೆಲ್ಲ ಬೆಣ್ಣೆ ಏಲಕ್ಕಿಯ ಪರಿಮಳ ತುಂಬಿದಾಗ ಅವಳ ಕಣ್ಣಿಗೆ ನೀರು ಬಂತು. ಸಿಟ್ಟಿಗೆ ಬಂದದ್ದೆಂದು ತನಗೆ ತಾನೇ ಹೇಳಿಕೊಂಡಳು, ಆದರೆ ಅವಳಿಗೆ ಸುಳ್ಳು ಒಗ್ಗುವುದಿಲ್ಲವಲ್ಲ, ತನ್ನೊಡನೆಯೂ ಒಗ್ಗಲಿಲ್ಲ. ಬಲಗಡೆಗೆ ತಿರುಗಿದಾಗಲೆಲ್ಲ ಮೇಜಿನ ಬಳಿ ಯಾರೂ ಇಲ್ಲದಿರುವುದು ಕಾಣುತ್ತಿತ್ತು. ಎಂಟು ವರ್ಷವಾದರೂ ಅವಳ ಕೈ ಬಿಸಿ ಕ್ರುಮ್‌ಕಾಕೆಯನ್ನು ಚಾಕುವಿನಿಂದೆತ್ತಿ ಬಲಗಡೆಗೇ ಚಾಚುತ್ತಿತ್ತು.

ಹತ್ತನೆಯ ತಾರೀಖು ಬಂತು. ಬಾರ್ಬ್ರೋ ಅಚ್ಚನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿ, ಹೆಣಿಗೆ ಹಿಡಿದು ಕೂತಳು. ಬೆಳಿಗ್ಗೆ ಏಳು ಗಂಟೆಯಾಯಿತು, ಎಂಟಾಯಿತು. ರಸ್ತೆಯ ಹಿಮ ತಳ್ಳುವ ಕೆಲಸ ಮುಗಿಸಿ ಟ್ರ್ಯಾಕ್ಟರಿನಿಂದಿಳಿದು ಬಂದ ಎಂಬ್ರಿಕ್, ಅಚ್ಚು ಇಟ್ಟು ಬಂದೆಯಾ ಎಂದು ಕೇಳಿದ. ಇಲ್ಲ ಎಂದಳು. ಯಾವಾಗ ಇಡುತ್ತೀಯೆಂದು ಕೇಳಿದ. ಇನ್ನು ಇಡುವುದಿಲ್ಲ, ಆಟ ಸಾಕು ಎಂದಳು.

ಎಂಬ್ರಿಕ್ ಕೈಗವಸು ತೆಗೆದು ಒಲೆಯ ಮೇಲಿನ ಕಂಬಿಗೆ ನೇತುಹಾಕಿದ. ಬಟ್ಟಲಿಗೆ ಕಾಫಿ ಬಗ್ಗಿಸಿಕೊಂಡ. ಆಮೇಲೆ, "ಹಾಗಾದ್ರೆ ಅವಳಿಗೆ ಹೇಳ್ಕಳಿಸ್ಬೇಕು. ಚಳೀಲಿ ಕಾಯ್ತಾ ನಿಂತಿದ್ಲು," ಎಂದ.

"ಯಾರು?"

"ಮಾರ್ಗಿಟ್. ಕಟ್ಟೆ ಹಿಂದೆ, ಸ್ಪ್ರೂಸ್ ಮರದ ಹತ್ರ."

"ಇವತ್ತು?"

"ಪ್ರತಿ ವರ್ಷ ನಿಲ್ತಾಳಲ್ಲ. ಹತ್ತನೇ ತಾರೀಖು ಮರದ ಬುಡದಲ್ಲಿ ಹಿಮ ತುಳಿದು ತುಳಿದು ನೆಲ ಕಾಣ್ತಿರುತ್ತೆ. ನೀನು ಚೀಲ ಇಟ್ಟು ಹಿಂದೆ ನೋಡ್ದೆ ಬಂದ್ಬಿಡ್ತೀಯ. ಆಮೇಲೆ ಅವಳು ಬಂದು ತಗೊಂಡು ಹೋಗ್ತಾಳೆ."

ಬಾರ್ಬ್ರೋಳ ಕೈಯಲ್ಲಿದ್ದ ಹೆಣಿಗೆಯ ಕಡ್ಡಿ ನಿಂತಿತು. "ಎಂಟು ವರ್ಷದಿಂದ ಯಾಕೋ ಹೇಳ್ಲಿಲ್ಲ ಮಾರಾಯ?"

"ನೀನು ಕೇಳ್ಲಿಲ್ಲ," ಎಂದ ಎಂಬ್ರಿಕ್, ಮತ್ತು ಅದು ನಿಜವೂ ಆಗಿತ್ತು.

ಅವಳು ಇಳಿಜಾರು ಇಳಿಯುವಾಗ ಬೂಟಿನ ದಾರ ಕೂಡ ಕಟ್ಟಿರಲಿಲ್ಲ. ಕಟ್ಟೆಯ ಬಳಿ ಯಾರೂ ಇರಲಿಲ್ಲ. ಮರದ ಬುಡದಲ್ಲಿ ಎಂಬ್ರಿಕ್ ಹೇಳಿದ ಹಾಗೇ ಹಿಮ ತುಳಿದು ನೆಲ ಕಾಣುತ್ತಿತ್ತು, ಎರಡು ಪಾದ ಅತ್ತ ಎರಡು ಪಾದ ಇತ್ತ, ಚಳಿಗೆ ಕುಣಿದ ಗುರುತು. ಅಲ್ಲಿಂದ ಹೆಜ್ಜೆಗಳು ರಸ್ತೆ ದಾಟಿ, ನದಿಯ ಮೇಲಿನ ಮರದ ಸೇತುವೆ ದಾಟಿ, ಎದುರು ಇಳಿಜಾರು ಹತ್ತಿಹೋಗಿದ್ದವು. ಬಾರ್ಬ್ರೋ ಅಚ್ಚನ್ನು ಕಂಕುಳಲ್ಲಿ ಅವುಚಿಕೊಂಡು ಅವುಗಳ ಹಿಂದೆಯೇ ನಡೆದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ನಾನು ಆಡಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ನೀನು ಕಳಿಸಿದ್ದೂ ತಪ್ಪು. ಎರಡನ್ನೂ ತೂಗಿ ಸರಿಸಮ ಮಾಡಿಕೊಂಡೇ ಬಾಗಿಲು ಬಡಿದಳು.

ಬಾಗಿಲು ತೆರೆದ ಮಾರ್ಗಿಟ್‌ಗೆ ಮೈಮೇಲೆ ಇನ್ನೂ ಹೊರಗಿನ ಕೋಟಿತ್ತು. ಎಂಟು ವರ್ಷದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು, "ತೆಗೆದ್ಯಾ ಅಕ್ಕ?"

"ಏನನ್ನ?"

"ಅಚ್ಚನ್ನ."

"ತೆಗೀದೆ ಇರ್ತೀನಾ? ನನ್ನ ಸರದಿ ಅಲ್ವಾ?"

ಮಾರ್ಗಿಟ್ ಬಾಗಿಲಿಂದ ಸರಿದು ನಿಂತಳು. ಬಾರ್ಬ್ರೋ ಒಳಗೆ ಬಂದು, ಕೂರು ಎನ್ನುವ ಮೊದಲೇ ನಿಂತಲ್ಲೇ ಜೋಡಿಸಿಕೊಂಡದ್ದನ್ನೆಲ್ಲ ಸುರಿದಳು. ಮಣ್ಣು ಮಾಡಿದ ದಿನ ಆರೇ ಬಗೆ ಇವೆ ಎಂದದ್ದು ತನ್ನ ಹಾಳು ನಾಲಗೆ, ಆದರೆ ಅದಕ್ಕೆ ಇಂಥ ಉತ್ತರ ಕೊಡಬೇಕಿತ್ತೆ, ಅಮ್ಮನ ಅಚ್ಚಿನಲ್ಲಿ, ಅದೂ ಹೀಗೆ ಎಂದಳು. ಮಾರ್ಗಿಟ್ ಕಣ್ಣು ಅಗಲಿಸಿಕೊಂಡು ಕೇಳಿದಳು. ಅವಳಿಗೆ ಆ ಮಾತು ಮುಟ್ಟಿಯೇ ಇರಲಿಲ್ಲ. ಆ ನೆರೆಯ ಹೆಂಗಸು ಒಳ್ಳೆಯವಳು, ಕೇಳಿದ್ದನ್ನು ಅಲ್ಲೇ ನುಂಗಿಕೊಂಡಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬಾರ್ಬ್ರೋ ತಾನಾಗಿಯೇ ಬಂದು ತನ್ನ ಕಳ್ಳತನ ಹೇಳಿಕೊಂಡಿದ್ದಳು.

"ಆರೇ ಇದ್ವಾ?" ಎಂದಳು ಮಾರ್ಗಿಟ್. "ನಾನು ಎಣಿಸ್ಲೇ ಇಲ್ಲ."

ಬಾರ್ಬ್ರೋಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಚ್ಚನ್ನು ಮೇಜಿನ ಮೇಲಿಟ್ಟು ಕೂತಳು. ಕಿಟಕಿಯ ಪಕ್ಕದಲ್ಲಿ ಸಿವರ್‌ನ ಕುರ್ಚಿ ಅವನ ಸ್ವೆಟರ್ ಹೊದ್ದುಕೊಂಡು ಹಾಗೇ ಇತ್ತು.

ಮಾರ್ಗಿಟ್ ಎದುರು ಕೂತು ಮೆಲ್ಲಗೆ ಹೇಳಿದಳು. ಬೇಸಿಗೆಯಿಂದ ಸಿವರ್ ಮಲಗಿದಲ್ಲೇ ಇದ್ದ, ಹೃದಯ ಸೋತಿತ್ತು, ಏನು ಕೊಟ್ಟರೂ ಬೇಡ ಎನ್ನುತ್ತಿದ್ದ. ಕೊನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ತಾನಾಗಿಯೇ ಕರೆದು, ಒಂದು ಕ್ರುಮ್‌ಕಾಕೆ ತಿನ್ನಬೇಕೆನಿಸುತ್ತಿದೆ ಎಂದ. ಅಕ್ಟೋಬರಿನಲ್ಲಿ ಯಾರು ಮಾಡುತ್ತಾರೆ? ಆದರೂ ಅವಳಿಗೆ ಹಿಗ್ಗಾಯಿತು, ಒಲೆ ಹೊತ್ತಿಸಲು ಹೊರಟಳು. ಆಗ ಅವನು ಇನ್ನೊಂದು ಮಾತು ಸೇರಿಸಿದ.

"'ಬಾರ್ಬ್ರೋ ಒಲೆ ಮುಂದೆ ನಿಂತಾಗ ಬರ್ತಿತ್ತಲ್ಲ, ಆ ಬಣ್ಣದ್ದು' ಅಂದ. ನಂಗೆ ಸಿಟ್ಟು ಬಂತು ಅಕ್ಕ. ಸಾಯೋ ಗಂಡನ ಮೇಲೆ ಸಿಟ್ಟು. ಎಂಟು ವರ್ಷ ನಾನು ಸುಟ್ಟಿದ್ದನ್ನೇ ಚೆನ್ನಾಗಿದೆ ಚೆನ್ನಾಗಿದೆ ಅಂತ ತಿಂದಿದ್ದ."

ಅವಳು ಒಂದು ಮೊಟ್ಟೆಯ ಹಿಟ್ಟು ಕಲಸಿದಳು. ಅಚ್ಚಿಗೆ ಹಾಕಿ, ಗೂಟವನ್ನು ಕೈಯಲ್ಲಿ ಹಿಡಿದು, ಈ ಒಂದನ್ನಾದರೂ ಸುಡಬಾರದೆಂದು ಮೂಗು ಅಚ್ಚಿನ ಹತ್ತಿರವೇ ಇಟ್ಟುಕೊಂಡು ನಿಂತಳು. ಒಂದು ಸಲ ಮಗುಚಿದಳು. ಆಗ ಕೋಣೆಯಿಂದ ಸಿವರ್ ಕರೆದ.

"'ಬಂದೆ, ಒಂದ್ನಿಮಿಷ' ಅಂದೆ," ಎಂದಳು ಮಾರ್ಗಿಟ್. "ಇನ್ನೊಂದ್ಸಲ ಕರೀಲಿಲ್ಲ. ಅಚ್ಚನ್ನ ಒಲೆ ಅಂಚಿಗೆ ಸರಿಸಿ ಹೋದೆ. ಆಗ್ಲೇ ಹೋಗ್ಬಿಟ್ಟಿದ್ದ."

ಒಲೆಯಲ್ಲಿ ಕಟ್ಟಿಗೆಯೊಂದು ಕುಸಿಯಿತು. ಬಾರ್ಬ್ರೋ ಕೈ ಚಾಚಿ ತಂಗಿಯ ಕೈ ಹಿಡಿದಳು. ಹಿಡಿದ ಮೇಲೆ ತಿಳಿಯಿತು, ಎಂಟು ವರ್ಷದಲ್ಲಿ ಆ ಕೈ ತಾಯಿಯ ಕೈಯೇ ಆಗಿಬಿಟ್ಟಿತ್ತು, ಅದೇ ಗಂಟುಗಳು, ಅದೇ ಸುಟ್ಟ ಕಲೆಗಳು.

"ಆಮೇಲೆ ತೆಗೆದು ನೋಡೋ ಧೈರ್ಯ ಬರ್ಲಿಲ್ಲ. ದಾರ ಕಟ್ಟಿಟ್ಟೆ. ನಾನು ಸರಿಸೋ ಹೊತ್ತಿಗೆ ಅದು ಸರಿಯಾಗಿತ್ತೋ, ಆಗ್ಲೇ ಸುಟ್ಟಿತ್ತೋ, ಗೊತ್ತಿಲ್ಲ. ಸುಟ್ಟಿದ್ರೆ ಅವನ ಕೊನೇ ನಿಮಿಷನ ಅದಕ್ಕೇ ಕೊಟ್ಹಾಗಾಯ್ತು, ಅದೂ ಸರಿಯಾಗಿ ಬರ್ಲಿಲ್ಲ. ಒಂದಾದ್ರೂ ಉಳೀಬೇಕಿತ್ತಲ್ವಾ? ದಿನಾ ಅದೇ ಯೋಚನೆ. ಬೇರೆ ಯಾರನ್ನ ಕೇಳಿದ್ರೂ ನನ್ನ ಸಮಾಧಾನಕ್ಕೆ ಹೇಳ್ತಾರೆ. ನಿನಗ್ಕಳಿಸಿದ್ರೆ ನೀನು ಇದ್ದಿದ್ದನ್ನ ಇದ್ದ ಹಾಗೆ ಹೇಳ್ತೀಯ ಅಂತ ಕಳಿಸ್ದೆ. ಇವತ್ತು ಕೇಳೇ ಕೇಳ್ಬೇಕು ಅಂತ ಮರದ ಹತ್ರ ನಿಂತಿದ್ದೆ. ನೀನು ಬರ್ಲಿಲ್ಲ."

ಅವಳು ತಲೆಯೆತ್ತಿ ಅಕ್ಕನನ್ನೇ ನೋಡಿದಳು. "ಹೇಗ್ ಬಂದಿತ್ತು?"

ಬಾರ್ಬ್ರೋಗೆ ಹೆಣಿಗೆಯ ಕಡ್ಡಿಯ ತುದಿಯಲ್ಲಿ ಪುಡಿಪುಡಿಯಾಗುತ್ತಿದ್ದ ಇದ್ದಿಲು ಕಾಣಿಸಿತು. ಬೈಗುಳಗಳು ಒಂದೊಂದಾಗಿ ಕಿವಿಯಲ್ಲಿ ಮೊಳಗಿದವು. ಒಲೆಯ ಬಾಯಿಗೆ ಎಸೆದದ್ದು ಕಾಣಿಸಿತು. ಗೋಡೆಯ ಕಡೆಗೆ ತಿರುಗಿಕೊಂಡ ತಾಯಿಯ ಬೆನ್ನೂ ಕಾಣಿಸಿತು. ಅರವತ್ತೇಳು ವರ್ಷ ಒಂದೇ ದಾರಿಯಲ್ಲಿ ನಡೆದ ನಾಲಗೆ ಬಾಯೊಳಗೆ ಭಾರವಾಗಿ ಬಿದ್ದಿತ್ತು, ಅದನ್ನು ಎತ್ತಲು ಬಹಳ ಕಷ್ಟವಾಯಿತು.

"ಚೆನ್ನಾಗಿ ಬಂದಿತ್ತು," ಎಂದಳು. "ಹೊಂಬಣ್ಣ."

"ಅಂಚು?"

"ಅಂಚೂ ಅಷ್ಟೇ. ನಾನು ಬೇಯಿಸಿದ್ರೂ ಹಾಗೇ ಬರ್ತಿದ್ದಿದ್ದು."

ಮಾರ್ಗಿಟ್ ಬಹಳ ಹೊತ್ತು ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಬಾರ್ಬ್ರೋ ರೆಪ್ಪೆ ಬಡಿಯದೆ ಕೂತಳು.

"ಏನ್ ಮಾಡ್ದೆ ಅದನ್ನ?"

ಒಂದು ಸುಳ್ಳು ಹೇಳಿದವರಿಗೆ ಎರಡನೆಯದು ಇಷ್ಟು ಬೇಗ ಬೇಕಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಕಿಟಕಿ ಹೊರಗೆ ಹಕ್ಕಿಗಳ ಹಲಗೆ ಮೇಲಿಟ್ಟೆ," ಎಂದಳು. "ಒಂದು ಚೂರೂ ಬಿಡದೆ ತಿಂದ್ವು."

"ಸಿವರ್‌ಗೆ ಹಕ್ಕಿ ಅಂದ್ರೆ ಪ್ರಾಣ," ಎಂದಳು ಮಾರ್ಗಿಟ್. ಅಂಗೈಯಿಂದ ಕಣ್ಣೊರೆಸಿಕೊಂಡಳು, ಮೂಗೊರೆಸಿಕೊಂಡಳು, ಚಿಕ್ಕಂದಿನಲ್ಲಿ ಒರೆಸಿಕೊಳ್ಳುತ್ತಿದ್ದ ಹಾಗೇ ತೋಳಿನಿಂದ. ಆಮೇಲೆ, "ನೀನು ಯಾವತ್ತೂ ಸುಳ್ಳು ಹೇಳಿದೋಳಲ್ಲ," ಎಂದಳು.

"ಇಲ್ಲ," ಎಂದಳು ಬಾರ್ಬ್ರೋ.

ಅವಳು ಎದ್ದು ಒಲೆಯ ಬಳಿ ಹೋಗಿ, ಕೊಕ್ಕೆಯಿಂದ ಬಳೆ ತೆಗೆದು, ಬೆಂಕಿಗೆ ಎರಡು ಕಟ್ಟಿಗೆ ಹಾಕಿ ಅಚ್ಚನ್ನು ಕಾಯಲಿಟ್ಟಳು. ತಂಗಿಗೆ ಬೆನ್ನು ಮಾಡಿಕೊಂಡೇ, ಮೊಟ್ಟೆ ಇದೆಯೇ, ಬೆಣ್ಣೆ ಎಲ್ಲಿಟ್ಟಿದ್ದೀಯ ಎಂದು ಕೇಳಿದಳು. ಮೊಟ್ಟೆ ಬುಟ್ಟಿಯಲ್ಲಿದೆ, ಬೆಣ್ಣೆ ಕಿಟಕಿಯ ಹತ್ತಿರವಿದೆ ಎಂದು ಮಾರ್ಗಿಟ್ ಹೇಳಿದಳು. ಹೇಳಿ ಕೋಟು ಬಿಚ್ಚಿ ಮೊಳೆಗೆ ತಗುಲಿಸಿ, ಒಳಗಿದ್ದ ಏಪ್ರನ್ನಿನ ಜೇಬಿಗೆ ಕೈ ಹಾಕಿ, ಅಕ್ಟೋಬರಿನಿಂದ ಅಲ್ಲೇ ಇದ್ದ ಮರದ ಸುತ್ತುಗೂಟವನ್ನು ತೆಗೆದು ಬಟ್ಟೆಯಿಂದ ಒರೆಸಿಕೊಂಡು, ಒಲೆಯ ಬಲಗಡೆ ಮೇಜಿನ ಮುಂದೆ ಹೋಗಿ ನಿಂತಳು.